ಮುಳುಗುವ ವ್ಯಾಪಾರ ಎತ್ತುವ ಶೋಗಳು: ನಿಮಗೆ ಯಾವುದು?

ಸಣ್ಣ ಹೋಟೆಲ್ ಇಟ್ಟವರು ಕಲಿಯೋಕೆ ಯಾವ ಟಿವಿ ಶೋ ನೋಡಬೇಕು ಅಂತ ಕೇಳಿದ್ದೀರಿ.

ಅಡುಗೆಮನೆಯೇ ತಲೆನೋವಾಗಿದ್ದರೆ ಬ್ರಿಟನ್ನಿನ ಬಾಣಸಿಗ ಗಾರ್ಡನ್ ರಾಮ್ಸೆಯ 'ಕಿಚನ್ ನೈಟ್‌ಮೇರ್ಸ್'. ಮೊದಲು ಊಟದ ರುಚಿ ನೋಡುತ್ತಾರೆ, ಆಮೇಲೆ ಫ್ರಿಜ್ ತೆರೆಯುತ್ತಾರೆ: ಹಸಿ ಮಾಂಸದ ಪಕ್ಕದಲ್ಲೇ ಬೇಯಿಸಿದ್ದು! ಉದ್ದನೆಯ ಮೆನುವಿಗೆ ಕತ್ತರಿ ಬೀಳುತ್ತದೆ. 2004ರಲ್ಲಿ ಶುರುವಾದ ಬ್ರಿಟನ್ ಆವೃತ್ತಿಯನ್ನೇ ನೋಡಿ. 2007ರ ಅಮೆರಿಕದ್ದರಲ್ಲಿ ಕೂಗಾಟವೇ ಜಾಸ್ತಿ.

ಗಿರಾಕಿಗಳಿದ್ದೂ ದುಡ್ಡು ಉಳಿಯುತ್ತಿಲ್ಲವೇ? ಹಾಗಾದರೆ 2013ರಲ್ಲಿ ಬಂದ 'ದ ಪ್ರಾಫಿಟ್'. ಇದರಲ್ಲಿ ಉದ್ಯಮಿ ಮಾರ್ಕಸ್ ಲೆಮೋನಿಸ್ ಸ್ವಂತ ಹಣ ಹಾಕಿ ಪಾಲು ಕೇಳುವವರು, ಹಾಗಾಗಿ ಪ್ರಶ್ನೆಗಳು ಹರಿತ. ಇದನ್ನು ಮಾಡೋಕೆ ಎಷ್ಟು ಬೀಳುತ್ತೆ, ಮಾರಿದರೆ ಎಷ್ಟು ಉಳಿಯುತ್ತೆ? ಮಾಲೀಕರು ತಡವರಿಸುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೋಟೆಲ್ ಅಲ್ಲದ ವ್ಯಾಪಾರಗಳೂ ಇದರಲ್ಲಿವೆ.

ಕೈಯಲ್ಲಿ ಕಾಸು ಕಡಿಮೆ, ಅಂಗಡಿ ಮಂಕಾಗಿದೆ ಅನ್ನುವವರಿಗೆ ಬಾಣಸಿಗ ರಾಬರ್ಟ್ ಅರ್ವೈನ್ ಅವರ 'ರೆಸ್ಟೋರೆಂಟ್: ಇಂಪಾಸಿಬಲ್': ಎರಡು ದಿನ, 10,000 ಡಾಲರ್, ಅಷ್ಟರಲ್ಲೇ ಹೊಸ ರೂಪ.

ಬಾಳಿಕೆಯ ಮಾತು ಬಂದರೆ, ಮೂರರಲ್ಲೂ ಕಾಣಿಸಿಕೊಂಡ ಎಷ್ಟೋ ಅಂಗಡಿಗಳು ಆಮೇಲೆ ಬಾಗಿಲು ಹಾಕಿವೆ. ಹಳೇ ಸಾಲ ಬಣ್ಣ ಬಳಿದರೆ ಹೋಗುವುದಿಲ್ಲವಲ್ಲ.