ಭೂತಾನ್‌ಗೋ, ಖೊನೋಮಾಕ್ಕೋ?

ಪ್ರಕೃತಿಗೆ ಹೊರೆಯಾಗದ ಪ್ರವಾಸಕ್ಕೆ ಭೂತಾನ್ ಒಳ್ಳೆಯದಾ, ನಾಗಾಲ್ಯಾಂಡ್‌ನ ಖೊನೋಮಾ ಒಳ್ಳೆಯದಾ ಅಂತ ಕೇಳಿದ್ದೀರಿ. ಎರಡೂ ಕಡೆ ಕಾಳಜಿ ನಿಜವಾದದ್ದೇ, ದಾರಿ ಬೇರೆ.

ಖರ್ಚು ಭೂತಾನ್‌ನಲ್ಲಿ ಜಾಸ್ತಿ. ಭಾರತೀಯರು ತಲಾ ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಊಟ, ರೂಮು ಬೇರೆ. ಖೊನೋಮಾದಲ್ಲಿ ಊರಿನವರ ಮನೆಯಲ್ಲೇ ಉಳಿಯಬಹುದು, ದುಡ್ಡು ನೇರ ಅವರ ಕೈಗೆ. ನಾಗಾಲ್ಯಾಂಡ್‌ಗೆ ಹೊರಗಿನವರು ಹೋಗಲು ಬೇಕಾದ ಅನುಮತಿ ಪತ್ರ, ಇನ್ನರ್ ಲೈನ್ ಪರ್ಮಿಟ್ ಮಾತ್ರ ಮರೀಬೇಡಿ.

ನಿಯಮ ಯಾರದು ಅನ್ನುವುದೇ ದೊಡ್ಡ ವ್ಯತ್ಯಾಸ. ಭೂತಾನ್‌ನಲ್ಲಿ ಸರ್ಕಾರದ್ದು: ಕನಿಷ್ಠ ಶೇ. 60 ಕಾಡು ಇರಲೇಬೇಕು ಅಂತ ಸಂವಿಧಾನವೇ ಹೇಳುತ್ತದೆ. ಶಿಖರಗಳು ದೇವರ ನೆಲೆ ಅನ್ನುವ ನಂಬಿಕೆಯಿಂದ 2003ರಿಂದ ಪರ್ವತಾರೋಹಣಕ್ಕೂ ಅವಕಾಶವಿಲ್ಲ. ಖೊನೋಮಾದಲ್ಲಿರುವ ಅಂಗಾಮಿ ನಾಗಾ ಬುಡಕಟ್ಟಿನವರಿಗೆ ಬೇಟೆ ತಲೆಮಾರುಗಳ ರೂಢಿ. ಆದರೂ 1998ರಲ್ಲಿ ಊರಿನವರೇ ಟ್ರಾಗೋಪಾನ್ ಹಕ್ಕಿಗಾಗಿ ಅಭಯಾರಣ್ಯ ಮಾಡಿ ಬೇಟೆ ನಿಲ್ಲಿಸಿದರು. ಸುಮ್ನೆ ಆಗುವ ಕೆಲಸ ಅಲ್ಲ, ಅಲ್ವಾ? ಅಲ್ಲಿನ ಹೊಲಗಳ ಆಲ್ಡರ್ ಮರಗಳನ್ನೂ ಗಮನಿಸಿ. ಬುಡಸಮೇತ ಕಡಿಯುವುದಿಲ್ಲ, ಮೋಟು ಬಿಟ್ಟು ಮೇಲಷ್ಟೇ ಸವರುತ್ತಾರೆ. ಅದು ಮತ್ತೆ ಚಿಗುರುತ್ತದೆ, ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ.

ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ, ಬೌದ್ಧ ಮಠಗಳನ್ನು ನೋಡುವ ಆಸೆಯಿದ್ದರೆ ಭೂತಾನ್. ಹೋಟೆಲು, ಗೈಡು ಎಲ್ಲ ಸಲೀಸು. ಏರುದಾರಿ ನಡೆಯಲು, ಒಲೆ ಪಕ್ಕ ಕೂತು ಮನೆಯವರ ಜೊತೆ ಮಾತಾಡಲು ಇಷ್ಟವಿದ್ದರೆ ಖೊನೋಮಾ. ಮಳೆಗಾಲದಲ್ಲಿ ಮಾತ್ರ ಅಲ್ಲಿನ ರಸ್ತೆ ಕಷ್ಟ.