ಸಿಂಗಾಪುರ–ಮಲೇಷ್ಯಾ ಪ್ಯಾಕೇಜಿನಲ್ಲಿ ಹೋಗುವವರೇ, ‘ಟ್ಯಾಕ್ಸ್ ವಾಪಸ್ ಬರುತ್ತದೆ’ ಎಂಬ ಮಾತನ್ನು ನಂಬಬೇಡಿ

ಬೆಳಗಾವಿಯಿಂದ ಸಿಂಗಾಪುರ–ಮಲೇಷ್ಯಾ ಪ್ರವಾಸಕ್ಕೆ ಹಣ ಕಟ್ಟಿರುವವರು ಮತ್ತು ಕಟ್ಟಬೇಕೆಂದು ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿರಿ. ಸಿಂಗಾಪುರದಲ್ಲಿ ಕೊಂಡ ವಸ್ತುಗಳ ಮೇಲಿನ ಜಿಎಸ್‌ಟಿ ವಾಪಸ್ ಸಿಗುತ್ತದೆ ಎಂದು ಟೂರ್ ಕಚೇರಿಯವರು ಭರವಸೆ ಕೊಟ್ಟು ನಮ್ಮ ಗುಂಪಿನವರಿಂದ ಸಾವಿರಾರು ಡಾಲರ್‌ಗಳ ಖರೀದಿ ಮಾಡಿಸಿದರು. ಒಂದು ಡಾಲರ್ ಕೂಡ ವಾಪಸ್ ಬರಲಿಲ್ಲ. ನಮಗೆ ಹಾಕಿಕೊಟ್ಟ ಪ್ರವಾಸದ ಮಾರ್ಗದಲ್ಲಿ ಅದು ಬರುವ ಸಾಧ್ಯತೆಯೇ ಇರಲಿಲ್ಲ, ಮತ್ತು ಆ ಮಾರ್ಗವನ್ನು ಹಾಕಿದವರು ಅವರೇ.

ಟಿಳಕವಾಡಿಯ ಆ ಟೂರ್ ಕಚೇರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ದೂರು ಸಲ್ಲಿಸುವ ತಯಾರಿಯಲ್ಲಿದ್ದೇನೆ. ಹೊರಡುವ ಮೊದಲು ಎಲ್ಲರನ್ನೂ ಕರೆದು ಕೂರಿಸಿ ಮಾಡಿದ ಸಭೆಯಲ್ಲಿ ಅದರ ಮಾಲೀಕರು ಹೇಳಿದ ಮಾತು ಹೀಗಿತ್ತು: ‘ಕ್ಯಾಮೆರಾ, ವಾಚ್, ಮೊಬೈಲ್ ಏನ್ ತಗೊಳ್ಳೋದಿದ್ರೂ ಸಿಂಗಾಪುರದಾಗ ತಗೋರಿ. ಒಂಬತ್ತು ಪರ್ಸೆಂಟ್ ಟ್ಯಾಕ್ಸ್ ಪೂರಾ ವಾಪಸ್ ಬರ್ತೈತಿ. ನಮ್ಮ ಹುಡುಗ ಜೋಡಿ ಇರ್ತಾನ, ಎಲ್ಲಾ ಮಾಡಿಸಿಕೊಡ್ತಾನ.’ ಇದೇ ಮಾತನ್ನು ಅವರು ಗುಂಪಿನ ವಾಟ್ಸಾಪ್‌ನಲ್ಲಿ ದನಿಮುದ್ರಿಸಿಯೂ ಕಳಿಸಿದ್ದರು. ಅದು ನನ್ನ ಬಳಿ ಈಗಲೂ ಇದೆ.

ಅವರ ಜೊತೆಯ ಹುಡುಗ, ಅಂದರೆ ನಮ್ಮೊಂದಿಗೆ ಬಂದ ಟೂರ್ ಮ್ಯಾನೇಜರ್, ಆರ್ಚರ್ಡ್ ರಸ್ತೆಯ ಒಂದು ಅಂಗಡಿಗೆ ನಮ್ಮನ್ನು ಕರೆದುಕೊಂಡು ಹೋದ. ನಾನು ಮಗಳಿಗೆ ಒಂದು ಕ್ಯಾಮೆರಾ, ಅಳಿಯನಿಗೆ ಒಂದು ಕೈಗಡಿಯಾರ ಕೊಂಡೆ. ಎರಡೂ ಸೇರಿ 2,180 ಸಿಂಗಾಪುರ ಡಾಲರ್ ಆಯಿತು. ಬಿಲ್ಲಿನ ಕೌಂಟರಿನಲ್ಲಿದ್ದ ಹುಡುಗಿ ನನ್ನ ಪಾಸ್‌ಪೋರ್ಟನ್ನು ಸ್ಕ್ಯಾನರ್ ಮೇಲೆ ಬೋರಲಿಟ್ಟು, ಪರದೆ ನೋಡುತ್ತ, ‘ನೀವು ಸಿಂಗಾಪುರ ಬಿಡುವುದು ಚಾಂಗಿ ವಿಮಾನ ನಿಲ್ದಾಣದಿಂದಲೇ ತಾನೇ?’ ಎಂದು ಸ್ಪಷ್ಟವಾಗಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ನಿಂತಿದ್ದ ಟೂರ್ ಮ್ಯಾನೇಜರ್, ‘ಯೆಸ್, ಯೆಸ್, ಚಾಂಗಿ’ ಎಂದು ಉತ್ತರ ಕೊಟ್ಟ.

ಮರಳುವ ವಿಮಾನ ಕ್ವಾಲಾಲಂಪುರದಿಂದ ಎಂದು ನನಗೆ ಗೊತ್ತಿತ್ತು. ಆದ್ದರಿಂದ ಅಲ್ಲಿಯೇ, ಹಣ ಕೊಡುವ ಮೊದಲೇ, ಅವನನ್ನು ಕೇಳಿದೆ. ‘ಅದಕ್ಕೇನ್ ಆಗಂಗಿಲ್ರಿ ಕಾಕಾ. ಬಾರ್ಡರ್‌ದಾಗ ಕೌಂಟರ್ ಐತಿ, ಅಲ್ಲೇ ಕೊಡ್ತಾರ. ಚಾಂಗಿ ಅಂದ್ರ ಇವ್ರ ಕಂಪ್ಯೂಟರ್‌ದಾಗ ಸರಳ ಆಗ್ತೈತಿ, ಅದಕ್ಕ ಹಂಗ ಹೇಳೀನಿ’ ಎಂದ. ಇದೇ ದಾರಿಯಲ್ಲಿ ಮೇಲಿಂದ ಮೇಲೆ ಗುಂಪುಗಳನ್ನು ಕರೆದುಕೊಂಡು ಹೋಗುವ ಮನುಷ್ಯ ಹೀಗೆ ಎದುರಿಗೆ ನಿಂತು ಹೇಳಿದ ಮೇಲೆ ನಾನು ಕಾರ್ಡ್ ಕೊಟ್ಟೆ. ನನ್ನನ್ನು ನೋಡಿ ತಮ್ಮನ ಹೆಂಡತಿಯೂ ಅದೇ ಕೌಂಟರಿನಲ್ಲಿ ಕೊಂಡಳು.

ಮರುದಿನ ಬಸ್ಸಿನಲ್ಲಿ ವುಡ್‌ಲ್ಯಾಂಡ್ಸ್ ಗಡಿ ಠಾಣೆಗೆ ಬಂದೆವು. ಅಲ್ಲಿಂದ ಸೇತುರಸ್ತೆ ದಾಟಿದರೆ ಮಲೇಷ್ಯಾದ ಜೊಹೊರ್ ಬಾರು. ಅಧಿಕಾರಿಗಳಿಗೆ ತೋರಿಸಬೇಕಾಗುತ್ತದೆ ಎಂದು ನಾನು ಕ್ಯಾಮೆರಾದ ಡಬ್ಬಿಯನ್ನೂ ಗಡಿಯಾರವನ್ನೂ ಕೈಚೀಲದಲ್ಲಿ ಮೇಲೆಯೇ ಇಟ್ಟುಕೊಂಡು, ಬಿಲ್ಲುಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದೆ. ಸಮವಸ್ತ್ರದಲ್ಲಿದ್ದ ಅಧಿಕಾರಿಯೊಬ್ಬರಿಗೆ ಬಿಲ್ಲು ತೋರಿಸಿ ಟ್ಯಾಕ್ಸ್ ರೀಫಂಡ್ ಕೌಂಟರ್ ಎಲ್ಲಿದೆ ಎಂದು ಕೇಳಿದೆ. ಅವರು ಬಿಲ್ಲನ್ನು ನೋಡಿ, ನನ್ನನ್ನು ನೋಡಿ, ‘ಇಲ್ಲಿ ಅಂಥ ಕೌಂಟರ್ ಇಲ್ಲ. ರಸ್ತೆಯ ಮೂಲಕ ಹೊರಗೆ ಹೋಗುವವರಿಗೆ ರೀಫಂಡ್ ಇಲ್ಲ’ ಎಂದರು. ನಾನು ಇನ್ನೊಮ್ಮೆ ಕೇಳಿದೆ. ಅವರು ಅದನ್ನೇ ಇನ್ನೊಮ್ಮೆ ಹೇಳಿ, ಸಾಲು ತಡೆಯಬೇಡಿ ಎಂದು ಕೈಸನ್ನೆ ಮಾಡಿದರು. ಹಿಂದೆ ತಮ್ಮನ ಹೆಂಡತಿ ತನ್ನ ಬಿಲ್ಲು ಹಿಡಿದುಕೊಂಡು ನಿಂತಿದ್ದಳು. ‘ಭಾವಾರ, ಇಲ್ಲೇ ಕೊಡ್ತಾರ ಅಂದಿದ್ರಲ್ರಿ?’ ಎಂದು ಕೇಳಿದಳು. ಗುಂಪಿನ ಉಳಿದವರೂ ನನ್ನನ್ನೇ ನೋಡುತ್ತಿದ್ದರು. ಆ ಹೊತ್ತಿನಲ್ಲಿ ನನಗಾದ ಅವಮಾನವನ್ನು ಹೇಗೆ ಬರೆಯಲಿ? ಟೂರ್ ಮ್ಯಾನೇಜರ್ ಮಾತ್ರ ದೂರದ ಇನ್ನೊಂದು ಸಾಲಿನಲ್ಲಿ ಮೊಬೈಲ್ ನೋಡುತ್ತ ನಿಂತಿದ್ದ. ಕರೆದರೂ ತಲೆ ಎತ್ತಲಿಲ್ಲ.

ನಿಯಮವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಸಿಂಗಾಪುರದಲ್ಲಿ 2024ರ ಜನವರಿ 1ರಿಂದ ಜಿಎಸ್‌ಟಿ ಶೇಕಡಾ 9. ಪ್ರವಾಸಿಗರಿಗೆ ತೆರಿಗೆ ಮರಳಿಸುವ ಯೋಜನೆಯಲ್ಲಿರುವ ಅಂಗಡಿಯಲ್ಲಿ ಕನಿಷ್ಠ 100 ಸಿಂಗಾಪುರ ಡಾಲರ್ ಖರೀದಿ ಮಾಡಿದ ಪ್ರವಾಸಿಗೆ ಆ ತೆರಿಗೆ ಮರಳಿ ಸಿಗುತ್ತದೆ, ಇದು ಸುಳ್ಳಲ್ಲ. ಆದರೆ ಅವನು ಎರಡು ತಿಂಗಳೊಳಗೆ ಆ ವಸ್ತುಗಳನ್ನು ತೆಗೆದುಕೊಂಡು ವಿಮಾನದಲ್ಲಿ, ಚಾಂಗಿ ಅಥವಾ ಸೆಲೆಟಾರ್ ನಿಲ್ದಾಣದಿಂದಲೇ ಹೊರಡಬೇಕು, ಮತ್ತು ಅಲ್ಲಿಯೇ ಅರ್ಜಿ ಹಾಕಬೇಕು. ‘ಒಂಬತ್ತು ಪರ್ಸೆಂಟ್ ಪೂರಾ’ ಎಂಬುದೂ ಸುಳ್ಳು. ಅಂಗಡಿಯ ಬೆಲೆಯಲ್ಲಿ ತೆರಿಗೆ ಸೇರಿಕೊಂಡೇ ಇರುವುದರಿಂದ ಕೊಟ್ಟ ಪ್ರತಿ 109 ಡಾಲರಿನಲ್ಲಿ ತೆರಿಗೆ 9 ಡಾಲರ್ ಮಾತ್ರ, ಅದರಲ್ಲೂ ನಿರ್ವಹಣಾ ಶುಲ್ಕವೆಂದು ಸ್ವಲ್ಪ ಮುರಿದುಕೊಳ್ಳುತ್ತಾರೆ. ನನ್ನ 2,180 ಡಾಲರ್ ಬಿಲ್ಲಿನಲ್ಲಿ ತೆರಿಗೆ 180 ಡಾಲರ್ ಇತ್ತು, ನಮ್ಮ ಲೆಕ್ಕದಲ್ಲಿ ಹನ್ನೊಂದು ಸಾವಿರ ರೂಪಾಯಿಗಿಂತ ಹೆಚ್ಚು.

ಇನ್ನು ಅವರ ಉತ್ತರಗಳನ್ನು ಕೇಳಿರಿ. ಬಸ್ಸಿನಲ್ಲಿ ಟೂರ್ ಮ್ಯಾನೇಜರನನ್ನು ಹಿಡಿದು ನಿಲ್ಲಿಸಿ ಕೇಳಿದಾಗ, ‘ಕ್ವಾಲಾಲಂಪುರ ಏರ್‌ಪೋರ್ಟ್‌ದಾಗ ಆಗ್ತೈತ್ರಿ ಕಾಕಾ, ಚಿಂತಿ ಮಾಡಬ್ಯಾಡ್ರಿ’ ಎಂದ. ಒಂದು ದೇಶ ವಸೂಲಿ ಮಾಡಿದ ತೆರಿಗೆಯನ್ನು ಇನ್ನೊಂದು ದೇಶ ಏಕೆ ಕೊಡುತ್ತದೆ? ಆದರೂ ಕ್ವಾಲಾಲಂಪುರದಲ್ಲಿ ವಿಚಾರಿಸಿದೆ. ಮಲೇಷ್ಯಾ 2018ರಲ್ಲೇ ತನ್ನ ಜಿಎಸ್‌ಟಿಯನ್ನು ತೆಗೆದುಹಾಕಿದೆ, ಅದರೊಂದಿಗೆ ಪ್ರವಾಸಿಗರ ಮರುಪಾವತಿಯೂ ನಿಂತುಹೋಗಿದೆ. ಅಲ್ಲಿ ಸ್ವಂತ ದೇಶದ ತೆರಿಗೆಯನ್ನೇ ಮರಳಿಸುತ್ತಿರಲಿಲ್ಲ, ನಮ್ಮ ಸಿಂಗಾಪುರದ ಬಿಲ್ಲನ್ನು ಯಾರು ಕೇಳುತ್ತಾರೆ?

ಊರಿಗೆ ಬಂದು ಕಚೇರಿಗೆ ಹೋದರೆ ಮಾಲೀಕರು ಚಹಾ ತರಿಸಿ ಕೂರಿಸಿದರು. ‘ಬಿಲ್ ಬಿಟ್ಟು ಹೋಗ್ರಿ, ಸಿಂಗಾಪುರದಾಗ ನಮ್ಮ ಮನಷ್ಯಾ ಅದಾನ, ಮಾಡಿಸಿಕೊಡ್ತೀವಿ. ಅವನ ಫೀ ಮೂರು ಸಾವಿರ ಮೊದಲ ಕೊಡಬೇಕಾಗ್ತೈತಿ, ಪಾಸ್‌ಪೋರ್ಟ್ ಝೆರಾಕ್ಸ್ ಮ್ಯಾಲ ಸಹಿ ಬೇಕು’ ಎಂದರು. ಇದು ಎರಡನೆಯ ಮೋಸ. ದಯವಿಟ್ಟು ಇದನ್ನು ಗಮನಿಸಿರಿ, ಏಕೆಂದರೆ ನಮ್ಮ ಗುಂಪಿನ ಒಬ್ಬ ಹಿರಿಯರು ಇದಕ್ಕೂ ಹಣ ಕೊಟ್ಟಿದ್ದಾರೆ. ವಸ್ತುಗಳೊಂದಿಗೆ ಪ್ರವಾಸಿಯೇ ಹೊರಡುವ ಸಮಯದಲ್ಲಿ ಹಾಜರಿರಬೇಕೆಂಬ ನಿಯಮವಿರುವಾಗ, ಬೆಳಗಾವಿಯ ಮನೆಯಲ್ಲಿರುವ ಕ್ಯಾಮೆರಾದ ತೆರಿಗೆಯನ್ನು ಅಲ್ಲಿರುವ ಯಾವ ಮನುಷ್ಯನೂ ಬಿಡಿಸಿಕೊಡಲಾರ. ಇದನ್ನು ಹೇಳಿದ ಕೂಡಲೇ ಅವರ ದನಿ ಬದಲಾಯಿತು. ‘ಪ್ಯಾಕೇಜಿನ್ಯಾಗ ರೀಫಂಡ್ ಅಂತ ಎಲ್ಲೆರ ಬರದೀವೇನ್ರಿ? ಅದು ನಿಮ್ಮದು ಅಂಗಡಿಯವ್ರದು ವ್ಯವಹಾರ’ ಎಂದರು. ವಾಟ್ಸಾಪ್‌ನ ದನಿಯನ್ನು ಕೇಳಿಸಿದಾಗ, ‘ಲಕ್ಷಗಟ್ಟಲೆ ಖರ್ಚು ಮಾಡಿ ಫಾರಿನ್ ಹೋಗಿ ಬಂದವ್ರು ಹನ್ನೊಂದು ಸಾವಿರಕ್ಕ ಯಾಕ ತಲಿ ಕೆಡಿಸ್ಕೊಂತೀರಿ?’ ಎಂದು ಎಲ್ಲರೆದುರು ಕೇಳಿದರು. ನಾನು ನಿವೃತ್ತಿಯ ಹಣದಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋದವನು. ಆ ಮಾತನ್ನು ನಾನು ಮರೆಯುವುದಿಲ್ಲ.

ಆ ಅಂಗಡಿಯಿಂದ ಇವರಿಗೆ ಕಮಿಷನ್ ಸಿಗುತ್ತದೆ ಎಂದೇ ನನ್ನ ಬಲವಾದ ಅನುಮಾನ. ಇಲ್ಲದಿದ್ದರೆ ಚಾಂಗಿಯ ಪ್ರಶ್ನೆಗೆ ಅವನು ನನ್ನ ಬಾಯಿಯಿಂದ ಉತ್ತರ ಬರಗೊಡದೆ ಅಡ್ಡಬಂದು ಉತ್ತರಿಸುವ ಕಾರಣವೇನಿತ್ತು?

ಹೋಗುವವರು ಮೊದಲು ತಮ್ಮ ಟಿಕೆಟ್ ನೋಡಿಕೊಳ್ಳಲಿ. ಮೊದಲು ಸಿಂಗಾಪುರ, ಆಮೇಲೆ ಬಸ್ಸಿನಲ್ಲಿ ಮಲೇಷ್ಯಾ, ಕೊನೆಗೆ ಕ್ವಾಲಾಲಂಪುರದಿಂದ ವಿಮಾನ ಎಂದಿದ್ದರೆ ರೀಫಂಡಿನ ಆಸೆಯಿಂದ ಒಂದು ವಸ್ತುವನ್ನೂ ಕೊಳ್ಳಬೇಡಿ. ಮಲೇಷ್ಯಾ ಮೊದಲಾಗಿ, ಕೊನೆಗೆ ಚಾಂಗಿಯಿಂದ ಹೊರಡುವುದಿದ್ದರೆ ಮಾತ್ರ ಕೊಳ್ಳಿರಿ. ಅಂಗಡಿಗೆ ಮೂಲ ಪಾಸ್‌ಪೋರ್ಟ್ ಒಯ್ಯಿರಿ, ಪ್ರಶ್ನೆಗಳಿಗೆ ನೀವೇ ಉತ್ತರಿಸಿರಿ. ವಸ್ತು ದೊಡ್ಡ ಚೀಲದಲ್ಲಿ ಹೋಗುವುದಿದ್ದರೆ ಚೀಲವನ್ನು ವಿಮಾನದವರಿಗೆ ಒಪ್ಪಿಸುವ ಮೊದಲೇ ರೀಫಂಡ್ ಯಂತ್ರದ ಬಳಿ ಹೋಗಿರಿ, ಏಕೆಂದರೆ ಕಸ್ಟಮ್ಸ್‌ನವರು ವಸ್ತು ತೋರಿಸಿ ಎನ್ನಬಹುದು.

ಇದೇ ಕಚೇರಿಯ ಮಾತು ನಂಬಿ ಹಣ ಕಳೆದುಕೊಂಡವರು ತಮ್ಮ ಬಿಲ್ಲು ಮತ್ತು ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. ಬೆಳಗಾವಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದೀಪಾವಳಿ ರಜೆಗೆ ಅವರ ಇನ್ನೊಂದು ಗುಂಪು ಹೊರಡಲಿದೆ, ಮಾರ್ಗವೂ ಅದೇ ಇದೆ. ಅದರಲ್ಲಿ ನಿಮ್ಮವರು ಯಾರಾದರೂ ಇದ್ದರೆ ಇದನ್ನು ಈಗಲೇ ಅವರಿಗೆ ತಲುಪಿಸಿರಿ.