ಮನೆಯ ವೈಫೈಯಲ್ಲಿ ಪ್ರಿಂಟರ್ ಮತ್ತು ಹಾರ್ಡ್ ಡಿಸ್ಕ್: ಬಳಸಿ ನೋಡಿದ ಮೂರು ದಾರಿಗಳು

ಶಿರಸಿಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಮೂರಿದ್ದರೂ ಪ್ರಿಂಟರ್ ಒಂದೇ. ಅಣ್ಣ ವರ್ಷಗಟ್ಟಲೆ ವಿಡಿಯೋ ಮಾಡಿ ಕೂಡಿಟ್ಟ ಯಕ್ಷಗಾನ ಪ್ರಸಂಗಗಳ ಹಾರ್ಡ್ ಡಿಸ್ಕ್ ಕೂಡ ಒಂದೇ. ಇವೆರಡೂ ಎಲ್ಲರಿಗೂ ಕೂತಲ್ಲಿಯೇ ಸಿಗಬೇಕೆಂದು ಕಳೆದ ಮಳೆಗಾಲದಿಂದ ಮೂರು ವ್ಯವಸ್ಥೆಗಳನ್ನು ಒಂದಾದ ಮೇಲೊಂದು ಬಳಸಿ ನೋಡಿದೆ.

ಮೊದಲಿಗೆ ಡಿಸ್ಕನ್ನು ರೂಟರ್‌ನ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿದೆ. ಹೊಸ ಖರ್ಚಿಲ್ಲ ಎಂಬುದೊಂದೇ ಅದರ ಗುಣ. ಡಿಸ್ಕ್ ಫ್ಯಾಟ್ 32 ಎಂಬ ಹಳೆಯ ಕಡತ ಮಾದರಿಯಲ್ಲಿದ್ದುದರಿಂದ 4 ಜಿಬಿ ಮೀರಿದ ಕಡತ ಹಿಡಿಯಲಿಲ್ಲ. ಇಡೀ ರಾತ್ರಿಯ ಆಟದ ವಿಡಿಯೋ ಅದಕ್ಕಿಂತ ಎಷ್ಟೋ ದೊಡ್ಡದು. ಆ ಮಿತಿಯಿಲ್ಲದ ಎನ್‌ಟಿಎಫ್‌ಎಸ್ ಮಾದರಿಗೆ ಬದಲಿಸಿದ ಮೇಲೂ ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಮಾತ್ರ ಡಿಸ್ಕ್ ಕಂಡಿತು, ಏಕೆಂದರೆ ಆ ರೂಟರ್‌ಗೆ ಗೊತ್ತಿದ್ದುದು ನೆಟ್‌ವರ್ಕಿನಲ್ಲಿ ಕಡತ ಹಂಚುವ ಎಸ್‌ಎಂಬಿ ಎಂಬ ಪದ್ಧತಿಯ ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಿನಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಕುತಂತ್ರಾಂಶ ಹರಡಿದ್ದು ಅದೇ ಆವೃತ್ತಿಯ ದೋಷದಿಂದ. ಆ ವರ್ಷದ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದು ತಾನಾಗಿ ಬರುವುದಿಲ್ಲ. ಬೇಕೆಂದರೆ ಮತ್ತೆ ಸೇರಿಸಿಕೊಳ್ಳಬಹುದು, ಆದರೆ ಅಷ್ಟು ವರ್ಷಗಳ ಸಂಗ್ರಹವಿರುವ ಮನೆಯಲ್ಲಿ ನನಗೆ ಮನಸ್ಸಾಗಲಿಲ್ಲ. 5 ಜಿಬಿಯ ಒಂದು ಕಡತಕ್ಕೆ ಕಾಲು ಗಂಟೆ ಹಿಡಿಯಿತು. ಪ್ರಿಂಟರನ್ನು ಅಲ್ಲಿಗೇ ಜೋಡಿಸಿದಾಗ ಪ್ರತಿ ಕಂಪ್ಯೂಟರಿಗೂ ಬೇರೆ ತಂತ್ರಾಂಶ ಹಾಕಬೇಕಾಯಿತು. ಮೊಬೈಲ್‌ನಿಂದ ಮುದ್ರಣ ಆಗಲೇ ಇಲ್ಲ.

ಬಳಿಕ ಜಗಲಿಯ ಡೆಸ್ಕ್‌ಟಾಪಿನಿಂದಲೇ ಎರಡನ್ನೂ ಹಂಚಿದೆ. ಪ್ರಿಂಟರಿನ ಮಟ್ಟಿಗೆ ಇಷ್ಟು ಸುಲಭವಾದ ದಾರಿ ಬೇರೆ ಇಲ್ಲ, ಪ್ರಿಂಟರ್ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಆಗಲೇ ಅದರಲ್ಲಿರುತ್ತದೆ. ಡಿಸ್ಕಿಗೆ ಮಾತ್ರ ಯಂತ್ರ ಸದಾ ಎಚ್ಚರವಿರಬೇಕು. 60 ವ್ಯಾಟ್ ಎಂದು ಹಿಡಿದರೂ ತಿಂಗಳಿಗೆ 43 ಯೂನಿಟ್ ಆಯಿತು. ಡೆಸ್ಕ್‌ಟಾಪ್ ಕೂಡ ವೈಫೈಯಲ್ಲೇ ಇದ್ದುದರಿಂದ ಪ್ರತಿ ಕಡತವೂ ಗಾಳಿಯಲ್ಲಿ ಎರಡು ಸಲ ಸಾಗಬೇಕಾಗಿ ವೇಗ ಕುಗ್ಗಿತು.

ಈಗ ಉಳಿಸಿಕೊಂಡಿರುವುದು ಅಂಗೈಯಗಲದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4. ಡಿಸ್ಕ್ ಹಂಚಲು ಸಾಂಬಾ, ಪ್ರಿಂಟರ್ ಹಂಚಲು ಕಪ್ಸ್ ಎಂಬ ತಂತ್ರಾಂಶಗಳನ್ನು ಹಾಕಿ, ರೂಟರ್‌ಗೆ ತಂತಿಯಿಂದಲೇ ಜೋಡಿಸಿದ್ದೇನೆ. ಹೊಂದಿಸಲು ಎರಡು ಸಂಜೆ ಬೇಕಾಯಿತು ನಿಜ, ಆದರೆ ಅದೇ 5 ಜಿಬಿಯ ಕಡತ ನಾಲ್ಕು ನಿಮಿಷದೊಳಗೆ ಬಂತು, ಮೊಬೈಲ್‌ಗಳೂ ಪ್ರಿಂಟರನ್ನು ತಾವಾಗಿ ಗುರುತಿಸಿದವು. ಕೊಳ್ಳುವ ಮುನ್ನ ನಿಮ್ಮ ಪ್ರಿಂಟರಿಗೆ ಪೈ ಬಳಸುವ ಲಿನಕ್ಸ್‌ನ ಡ್ರೈವರ್ ಇದೆಯೇ, ಅದು ಪೈಯಲ್ಲಿರುವ ಆರ್ಮ್ ಪ್ರೊಸೆಸರಿನಲ್ಲಿ ನಡೆಯುತ್ತದೆಯೇ ಎಂಬುದನ್ನು ತಪ್ಪದೆ ನೋಡಿಕೊಳ್ಳಿ. ಪೈಯ ನಾಲ್ಕೂ ಯುಎಸ್‌ಬಿ ಪೋರ್ಟುಗಳು ಸೇರಿ ಕೊಡುವುದು 1.2 ಆಂಪಿಯರ್ ಮಾತ್ರವಾದ್ದರಿಂದ ಡಿಸ್ಕಿಗೆ ಪ್ರತ್ಯೇಕ ವಿದ್ಯುತ್ ಇರುವ ಹಬ್ ಇಟ್ಟೆ. ನಮ್ಮಲ್ಲಿ ಆಷಾಢದ ಗಾಳಿಗೆ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವುದುಂಟು. ಬರೆಯುತ್ತಿರುವ ಡಿಸ್ಕಿಗೆ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ಕೆಲವೇ ವ್ಯಾಟ್ ಬೇಡುವ ಪೈ, ರೂಟರ್, ಹಬ್ ಮೂರನ್ನೂ ಇನ್ವರ್ಟರಿನ ಮೇಲೆ ನಿಶ್ಚಿಂತೆಯಿಂದ ಇಡಬಹುದಾದ್ದೇ ನನ್ನ ಆಯ್ಕೆಗೆ ಮುಖ್ಯ ಕಾರಣ.

ಚಿರೆಕಲ್ಲಿನ ದಪ್ಪ ಗೋಡೆಗಳನ್ನು ದಾಟಲು 5 ಗಿಗಾಹರ್ಟ್ಸ್ ಸಂಕೇತಕ್ಕೆ ಆಗದು. ಮೆತ್ತಿಯ ಮೇಲೆ ಸಿಗುವುದು ನಿಧಾನದ 2.4 ಮಾತ್ರ, ವ್ಯವಸ್ಥೆ ಯಾವುದಾದರೂ ಇದು ಬದಲಾಗಲಿಲ್ಲ.

ಮುದ್ರಣವಷ್ಟೇ ಬೇಕಿರುವ ಮನೆಗೆ ಡೆಸ್ಕ್‌ಟಾಪಿನ ದಾರಿ ಸಾಕು. ಡಿಸ್ಕ್ ಹಂಚುವವರು ಮಾತ್ರ ಇನ್ನೊಂದು ಪ್ರತಿಯನ್ನೂ ಮಾಡಿಡಬೇಕು. ಅಣ್ಣನ ಪ್ರಸಂಗಗಳ ಎರಡನೆಯ ಡಿಸ್ಕ್ ಕಪಾಟಿನಲ್ಲಿದೆ. ತಿಂಗಳಿಗೊಮ್ಮೆ ಜೋಡಿಸಿ ಹೊಸ ಕಡತಗಳನ್ನು ಸೇರಿಸುತ್ತೇನೆ, ಗುಡುಗು ಸಿಡಿಲಿನ ದಿನ ಅದನ್ನು ಹೊರಗೆ ತೆಗೆಯುವುದಿಲ್ಲ.